ಏಳನೇ ಪೈಪಿನ ಎರಡು ತುದಿ

೪ ಜನವರಿ

ಮೇಸ್ತ್ರಿಗಳಿಗೆ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ಇದನ್ನು ಒಡೆದಿದ್ದೀರಿ ಎಂದರೆ ಅರ್ಧ ಕೆಲಸ ಆದ ಹಾಗೆ. ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಚೆನ್ನಾಗಿದ್ದೀರಾ ಎಂದು ಕೇಳುವ ಮುಖವೂ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಾನು ಅದೇ ಸಂಸ್ಥೆಯಲ್ಲಿದ್ದೇನೆ. ಅದೇ ತಂಪುಕೋಣೆ, ಅದೇ ಕಬ್ಬಿಣದ ಕಪಾಟುಗಳು, ಸಮುದ್ರದ ತಳದಿಂದ ಕೊರೆದು ತಂದ ಕೆಸರಿನ ಅದೇ ಪೈಪುಗಳು. ನೀವು ಬಾಗಿಲ ಹಿಂದೆ ಮೊಳೆ ಹೊಡೆದು ನೇತುಹಾಕುತ್ತಿದ್ದ ಉಣ್ಣೆಯ ಅಂಗಿ ಮಾತ್ರ ಇಲ್ಲ. ಮೊಳೆ ಇದೆ.

ವಿಷಯಕ್ಕೆ ಬರುತ್ತೇನೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಇನ್ನೊಂದು ಹಡಗಿನಲ್ಲಿ ಹೋಗಿ, ನಾವು ಕೊರೆದ ಜಾಗದಿಂದ ಒಂಬೈನೂರು ಕಿಲೋಮೀಟರ್ ದೂರದಲ್ಲಿ ಕೊರೆದಿದ್ದಾಳೆ. ಕಳೆದ ವಾರ ಅವಳ ಗ್ರಾಫು ಬಂತು. ಆರು ಲಕ್ಷ ವರ್ಷ ಹಳೆಯ ಕೆಸರಿನಲ್ಲಿ, ನಮ್ಮ ಏಳನೇ ಪೈಪಿನಲ್ಲಿ ಕಂಡಿದ್ದೇ ಅವಳಿಗೂ ಕಂಡಿದೆ. ಭೂಮಿಯ ಕಾಂತ ತಲೆಕೆಳಗಾಗಿ, ನಾಲ್ಕು ಸಾವಿರ ವರ್ಷ ಹಾಗೆಯೇ ಇದ್ದು, ಮತ್ತೆ ಸರಿಹೋಗಿದೆ. ಅವಳ ಕೆಸರಿನಲ್ಲಿ ಆ ಭಾಗ ಎರಡು ಪೈಪುಗಳಲ್ಲಿ ಹಂಚಿಹೋಗಿದೆ. ಅರ್ಧ ಒಂದರ ಕೊನೆಯಲ್ಲಿ, ಅರ್ಧ ಇನ್ನೊಂದರ ಶುರುವಿನಲ್ಲಿ. ಅಂದಮೇಲೆ ಯಾರೋ ಪೈಪು ಮಗುಚಿಟ್ಟರು ಎಂದು ಯಾರೂ ಹೇಳುವಂತಿಲ್ಲ.

ಗ್ರಾಫು ನೋಡುತ್ತಿದ್ದ ಹಾಗೇ ನೀವು ಹಡಗಿನ ಅಡುಗೆಯವರಿಗೆ ಹೇಳಿದ್ದು ನೆನಪಾಯಿತು. ಅವರು, "ಕೆಸರಿನಲ್ಲಿ ಅದೇನು ಓದ್ತಾರಪ್ಪ ಇವರು?" ಎಂದಿದ್ದರು. ನೀವು ಹೇಳಿದಿರಿ: "ಕೆಸರಲ್ಲಿ ಕಬ್ಬಿಣದ ಪುಡಿ ಇರುತ್ತೆ. ಸಣ್ಣದು, ಕಣ್ಣಿಗೆ ಕಾಣಲ್ಲ. ತಳಕ್ಕೆ ಇಳಿಯುವಾಗ ಭೂಮಿ ಎತ್ತ ಎಳೀತಿದೆಯೋ ಅತ್ತ ಮುಖ ಮಾಡಿ ಕೂತ್ಕೊಳ್ಳುತ್ತೆ. ಮೇಲೆ ಇನ್ನಷ್ಟು ಕೆಸರು ಬಿದ್ದ ಮೇಲೆ ಅಲ್ಲಾಡೋಕೆ ಆಗಲ್ಲ. ಆವತ್ತು ಉತ್ತರ ಯಾವ ಕಡೆ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ." ಹನ್ನೆರಡು ವರ್ಷದಿಂದ ನಾನು ವಿದ್ಯಾರ್ಥಿಗಳಿಗೆ ಪಾಠ ಶುರು ಮಾಡುವುದು ಈ ಮಾತಿನಿಂದಲೇ. ಯಾರು ಹೇಳಿದ್ದು ಎಂದು ಮಾತ್ರ ಹೇಳಿಲ್ಲ.

ಆವತ್ತು ಡೆಕ್ಕಿನ ಮೇಲೆ ಏನಾಯಿತು ಎಂಬುದು ನಿಮಗೆ ನೆನಪಿದೆಯೇ? ನೆನಪಿದ್ದರೆ ಬರೆಯುತ್ತೀರಾ?

ಇಂತಿ,
ಅಯಸ್ಕಾಂತದ ಮೇಡಂ
(ಹಾಗೆ ಕರೆಯುತ್ತಿದ್ದವರು ನೀವೇ)


೨೭ ಜನವರಿ

ಮೇಡಂ ಅವರಿಗೆ,

ಕಾಗದ ಬಂತು. ಮೂರು ದಿನ ಗಾಜು ಕತ್ತರಿಸೋ ಮೇಜಿನ ಮೇಲೇ ಬಿದ್ದಿತ್ತು. ನಾಲ್ಕನೇ ದಿನ ನನ್ನ ಹೆಂಡತಿ, "ಒಡೀತೀರೋ, ಇಲ್ಲಾ ಇದಕ್ಕೂ ಚೌಕಟ್ಟು ಹಾಕ್ತೀರೋ?" ಅಂದಳು. ಒಡೆದೆ.

ನಾನು ಚೆನ್ನಾಗಿದ್ದೀನಿ. ಇದನ್ನ ಮಾತಿಗೆ ಹೇಳ್ತಿಲ್ಲ. ಸಂಸ್ಥೆ ಬಿಟ್ಟ ಮೇಲೆ ಚೌಕಟ್ಟಿನ ಅಂಗಡಿ ಇಟ್ಟೆ. ಫೋಟೋ, ಚಿತ್ರ, ಕನ್ನಡಿ, ಮದುವೆ ಆದವರದು, ತೀರಿಹೋದವರದು, ಎಲ್ಲದಕ್ಕೂ ಚೌಕಟ್ಟು. ಬೆಳಿಗ್ಗೆ ಹೊತ್ತು ಬಿಸಿಲು ಕಿಟಕಿಯಿಂದ ಬಂದು ಕನ್ನಡಿಗಳ ಮೇಲೆ ಬಿದ್ದರೆ ಅಂಗಡಿ ತುಂಬ ಬೆಳಕು. ಮರದ ಹೊಟ್ಟಿನ ವಾಸನೆ. ಯಾರೂ ಬಂದು ಸಹಿ ಹಾಕು ಅನ್ನಲ್ಲ. ಸಹಿ ಹಾಕಿಸಿಕೊಳ್ಳೋನು ನಾನೇ. ಕಳೆದ ತಿಂಗಳು ಚಿತ್ರಗಾರರೊಬ್ಬರು ಬಂದರು. ಕ್ಯಾನ್ವಾಸಿನ ತುಂಬ ಬರೀ ಕಲೆ. "ಇದರಲ್ಲಿ ಮೇಲೆ ಯಾವುದು ಸ್ವಾಮಿ?" ಅಂದೆ. "ನಿಮಗೆ ಹೇಗೆ ತೋಚುತ್ತೋ ಹಾಗೆ ಹಾಕಿ" ಅಂದರು. "ನನಗೆ ತೋಚೋ ಹಾಗೆ ಆಗಲ್ಲ, ನೀವೇ ಹಿಂದುಗಡೆ 'ಮೇಲೆ' ಅಂತ ಬರೆದು ಸಹಿ ಹಾಕಿ" ಅಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಆದರೂ ಬರೆದು ಕೊಟ್ಟರು.

ಆವತ್ತಿನದು ನೆನಪಿದೆಯಾ ಅಂತ ಕೇಳಿದ್ದೀರಿ. ನೆನಪಿದೆ. ನಿಮಗೆ ನೆನಪಿದೆಯಾ ಅಂತ ನಾನು ಕೇಳ್ತೀನಿ.

ಕಾಗದದ ತಲೆಬರಹದಲ್ಲಿ ನಿಮ್ಮ ಫೋನ್ ನಂಬರ್ ಇದೆ. ನಾನು ಮಾಡಲ್ಲ, ನೀವೂ ಮಾಡಬೇಡಿ. ಫೋನಲ್ಲಿ ನನಗೆ ಕೋಪ ಬರುತ್ತೆ. ಕಾಗದದಲ್ಲಿ ಬರೆಯೋ ಹೊತ್ತಿಗೆ ಸ್ವಲ್ಪ ಇಳಿದಿರುತ್ತೆ.

ಇಂತಿ,
ಮೇಸ್ತ್ರಿ


೯ ಫೆಬ್ರವರಿ

ಮೇಸ್ತ್ರಿಗಳಿಗೆ,

ನೆನಪಿದೆ. ನೀವು ಕೇಳಿದ್ದಕ್ಕೆ ಉತ್ತರ ಅದು. ಪೂರ್ತಿ ಬರೆಯುತ್ತೇನೆ. ಒಂದಕ್ಷರ ತಪ್ಪಿದ್ದರೂ ತಿದ್ದಿ.

ಆವತ್ತು ಹಡಗು ತುಂಬಾ ಓಲಾಡುತ್ತಿತ್ತು. ನೀವು ಬೆಳಗಿನಿಂದ ನಿಂತೇ ಇದ್ದಿರಿ. ಏಳನೇ ಪೈಪು ಕಟ್ಟೆಯ ಮೇಲಿತ್ತು, ಮೇಲ್ತುದಿಗೆ ನೀಲಿ ಮುಚ್ಚಳ, ಕೆಳತುದಿಗೆ ಬಿಳಿ; ಮೇಲೆ ಯಾವುದು, ಕೆಳಗೆ ಯಾವುದು ಎಂದು ಆಮೇಲೆ ತಿಳಿಯುವುದು ಆ ಬಣ್ಣದಿಂದಲೇ. ನಾನು ಬಂದು ಎರಡೂ ತುದಿಯಿಂದ ಒಂದೊಂದು ಚಿಟಿಕೆ ಕೆಸರು ಬೇಕೆಂದೆ. "ಒಂದು ತುದಿ ಮುಚ್ಚಿದ ಮೇಲೆ ಇನ್ನೊಂದು ತೆಗೆಯೋಣ ಮೇಡಂ, ಅದು ನಿಯಮ" ಎಂದಿರಿ. ನಾನು, "ನಿಯಮ ಆಮೇಲೆ, ಎರಡೂ ತೆಗೀರಿ, ಮುಂದಿನದು ಮೇಲೆ ಬರ್ತಿದೆ" ಎಂದೆ. ತೆಗೆದಿರಿ. ನಾನು ಕೆಸರು ತೆಗೆದುಕೊಂಡು ಒಳಗೆ ಹೋದೆ. ತಿರುಗಿ ನೋಡಿದಾಗ ಎರಡೂ ಮುಚ್ಚಳ ನಿಮ್ಮ ಕೈಯಲ್ಲಿದ್ದವು.

ಮರುವರ್ಷ ನನ್ನ ಪ್ರಬಂಧ ಅಚ್ಚಾಯಿತು. ಆಮೇಲೆ ಹಿರಿಯರೊಬ್ಬರು ಪತ್ರಿಕೆಗೆ ಬರೆದರು: ತಿರುಗಿದ ಭಾಗ ಸರಿಯಾಗಿ ಒಂದೇ ಪೈಪಿನಲ್ಲಿ ಶುರುವಾಗಿ ಅದರಲ್ಲೇ ಮುಗಿಯುತ್ತದೆ, ಭೂಮಿಗೆ ನಿಮ್ಮ ಪೈಪಿನ ಅಳತೆ ಗೊತ್ತಿತ್ತೇ? ಊರೆಲ್ಲ ನಕ್ಕಿತು. ವಿಚಾರಣೆಯ ಸಮಿತಿ ಕೂತಿತು. ನನ್ನನ್ನು ಕೇಳಿದರು: "ಅವರು ಎರಡೂ ಮುಚ್ಚಳ ಒಟ್ಟಿಗೆ ತೆಗೆದದ್ದನ್ನು ನೋಡಿದಿರಾ?" ನೋಡಿದೆ ಎಂದೆ. ಒಂದೇ ಮಾತು, ಅದೂ ನಿಜವಾದ ಮಾತು. ತೆಗೆಯಲು ಹೇಳಿದ್ದು ಯಾರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನೀವು ಎದುರಿನ ಕುರ್ಚಿಯಲ್ಲಿದ್ದಿರಿ. ನನ್ನ ಕಡೆ ನೋಡಿದಿರಿ. ನಾನು ನೀರಿನ ಲೋಟ ಎತ್ತಿಕೊಂಡೆ.

'ತಾಂತ್ರಿಕ ಸಿಬ್ಬಂದಿಯ ಕೈತಪ್ಪಿನಿಂದ ಪೈಪು ಮಗುಚಿದ್ದು, ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಗಿದೆ' ಎಂದು ಅಚ್ಚಾಯಿತು. ನನ್ನ ಕೆಲಸ ಉಳಿಯಿತು. ನಿಮ್ಮನ್ನು ಸ್ಕ್ರೂ, ಬೋಲ್ಟು ಇಡುವ ಗೋದಾಮಿಗೆ ಹಾಕಿದರು. ಒಂದು ವರ್ಷ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ನೀವು ಗೋಡೆಯ ಕಡೆ ಸರಿದು ನನಗೆ ದಾರಿ ಬಿಡುತ್ತಿದ್ದಿರಿ. ಬೈದಿದ್ದರೆ ವಾಸಿಯಿತ್ತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೊದಲು ನಿಮಗೇ ಹೇಳಬೇಕಿತ್ತು. ಕ್ಷಮಿಸಿ ಎಂದು ಬರೆದರೆ ಈ ಕಾಗದ ಅಲ್ಲಿಗೇ ಮುಗಿದುಹೋಗುತ್ತದೆ. ಅದಕ್ಕೆ ಇನ್ನೂ ಬರೆಯುವುದಿಲ್ಲ. ಮೊದಲು ಒಂದು ಕೆಲಸವಿದೆ.

ಪೈಪನ್ನು ಉದ್ದಕ್ಕೆ ಸೀಳಿ ಎರಡು ಭಾಗ ಮಾಡುತ್ತೇವಲ್ಲ, ಒಂದರ್ಧ ಪರೀಕ್ಷೆಗೆ, ಇನ್ನೊಂದರ್ಧ ಮುಟ್ಟದೆ ಕಾದಿಡುವುದಕ್ಕೆ. ಆ ಕಾದಿಟ್ಟ ಅರ್ಧ ಕಪಾಟಿನಲ್ಲಿದೆ. ಯಂತ್ರ ಅಳೆಯುವಾಗ ತುದಿಗಳ ಲೆಕ್ಕ ಕಲಸಿಹೋಗುತ್ತದೆಂದು ಎರಡೂ ಕಡೆ ಹನ್ನೆರಡು ಸೆಂಟಿಮೀಟರ್ ಬಿಟ್ಟುಬಿಡುವುದು ರೂಢಿ. ನಾನೂ ಬಿಟ್ಟಿದ್ದೆ. ಈಗ ಆ ತುದಿಗಳನ್ನೇ ಸಣ್ಣ ಸಣ್ಣ ಘನ ಮಾಡಿ ಕತ್ತರಿಸಿ ಒಂದೊಂದಾಗಿ ಅಳೆಯಬೇಕು. ಪೈಪು ಮಗುಚಿದ್ದರೆ ತುದಿಗಳೂ ಮಗುಚಿರಲೇಬೇಕು. ತುದಿಗಳು ಸರಿಯಾಗಿದ್ದು ನಡುವಷ್ಟೇ ತಿರುಗಿದ್ದರೆ, ತಿರುಗಿದ್ದು ಭೂಮಿ. ನಿಮ್ಮ ಕೈಯಲ್ಲ.

ತೆರೆಯಲು ಅನುಮತಿ ಕೇಳುತ್ತಿದ್ದೇನೆ.

ಇಂತಿ,
ಅಯಸ್ಕಾಂತದವಳು


೩ ಮಾರ್ಚ್

ಮೇಡಂ ಅವರಿಗೆ,

ನೀವು ಬರೆದದ್ದರಲ್ಲಿ ಒಂದೇ ತಪ್ಪು. ಲೋಟದಲ್ಲಿ ನೀರು ಇರಲಿಲ್ಲ. ಖಾಲಿ ಲೋಟ ಎತ್ತಿ ಕುಡಿದಿರಿ. ನಾನು ನೋಡಿದೆ. ಹನ್ನೆರಡು ವರ್ಷ ಅದನ್ನ ನೆನಸಿಕೊಂಡು ಒಂದು ಸಲ ಕೋಪ, ಒಂದು ಸಲ ನಗು.

ನಾನ್ಯಾಕೆ ಬಾಯಿ ಬಿಡಲಿಲ್ಲ ಅಂತ ನೀವು ಕೇಳಿಲ್ಲ. ಆದರೂ ಹೇಳ್ತೀನಿ. ದೊಡ್ಡ ಮನಸ್ಸಿನಿಂದ ಅಲ್ಲ, ಹಾಗೆ ತಿಳಿಯಬೇಡಿ. "ನೀವು ಹೇಳಿದ್ದಕ್ಕೇ ತೆಗೆದೆ" ಅಂತ ಗಂಟಲ ತನಕ ಬಂದಿತ್ತು. ಆದರೆ ತೆಗೆಸಿದ್ದು ನೀವಾದರೂ ಹಾಕಿದ್ದು ನಾನು. ಸರಿಯಾಗಿ ಹಾಕಿದೆನಾ ಅನ್ನೋದು ನನಗೇ ಗೊತ್ತಿರಲಿಲ್ಲ. ಕಾಲು ಸೋತಿತ್ತು, ಹಡಗು ಕುಣೀತಿತ್ತು, ಒಂದು ಮುಚ್ಚಳ ಕೈಜಾರಿ ಉರುಳಿಕೊಂಡು ಹೋಯ್ತು, ಹಿಂದೆ ಓಡಿದೆ. ಬಂದು ನೋಡಿದರೆ ಪೈಪಿಗೆ ಎರಡು ಬಾಯಿ, ನನ್ನ ಕೈಯಲ್ಲಿ ಎರಡು ಬಣ್ಣ. ಮೇಲ್ತುದಿ ತೋರಿಸೋಕೆ ಪೈಪಿನ ಮೇಲೆ ಹಾಕಿದ್ದ ಬಾಣದ ಗುರುತು ಒದ್ದೆಯಾಗಿ ಅಳಿಸಿತ್ತು. ಸರಿ ಅನ್ನಿಸಿದ ಕಡೆ ಹಾಕಿದೆ. 'ಮಗುಚಿರಲೂಬಹುದು' ಅಂತ ನಾನು ಬರೆದುಕೊಟ್ಟಿದ್ದು ಹೆದರಿ ಅಲ್ಲ, ಅದು ನಿಜ ಅಂತಲೇ. ಅವರು ಅಚ್ಚು ಹಾಕಿಸುವಾಗ 'ಊಬಹುದು' ಬಿಟ್ಟರು.

ಅದಕ್ಕೇ ಹೇಳ್ತೀನಿ, ತೆರೀಬೇಡಿ. ನಾನೀಗ ನೆಮ್ಮದಿಯಾಗಿದ್ದೀನಿ. 'ಇರಲೂಬಹುದು, ಇಲ್ಲದೇನೂ ಇರಬಹುದು' ಅನ್ನೋದರ ಜೊತೆ ಸಂಸಾರ ಮಾಡಿ ಅಭ್ಯಾಸ ಆಗಿದೆ. ತೆರೆದು ನೋಡಿ ಅದು ನಿಜಕ್ಕೂ ಮಗುಚಿದ್ದರೆ? ನಿಮ್ಮ ಗೆಳತಿಯ ಕೆಸರಿನಲ್ಲಿ ಭೂಮಿ ತಿರುಗಿರಬಹುದು. ಆದರೆ ನಮ್ಮ ಪೈಪಿನಲ್ಲಿ ನಾನೇ ತಿರುಗಿಸಿರಬಹುದಲ್ಲ? ಈ ವಯಸ್ಸಿನಲ್ಲಿ ಅದನ್ನ ಹೊತ್ತುಕೊಳ್ಳೋದು ನನಗೆ ಬೇಡ.

ಇಂತಿ,
ಮೇಸ್ತ್ರಿ

ಅಮ್ಮಾ, ನಾನು ಇವರ ಹೆಂಡತಿ. ಕಾಗದ ಅಂಟಿಸೋಕೆ ನನ್ನ ಕೈಗೆ ಕೊಟ್ಟು ಹೋಗಿದ್ದಾರೆ. ನಾನು ಗ್ರಂಥಾಲಯದಲ್ಲಿ ಹರಿದ ಪುಸ್ತಕಕ್ಕೆ ರಟ್ಟು ಕಟ್ಟೋಳು, ನಮ್ಮನೇಲಿ ಗೋಂದಿನ ಕೆಲಸ ಎಲ್ಲ ನಂದೇ. ನೆಮ್ಮದಿಯಾಗಿದ್ದೀನಿ ಅಂತ ಬರೆದಿದ್ದಾರಲ್ಲ, ಅದು ಮುಕ್ಕಾಲು ನಿಜ. ಮನೆಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳಾನೂ ಎರಡು ಸಲ ತಿರುಗಿಸಿ ನೋಡಿ ಇಡೋರು ಇವರು. ನೀವು ತೆರೆದು ನೋಡಿ. ಏನಿದ್ದರೂ ಹೇಳಿ. ನಾನಿದ್ದೀನಿ.


೧೮ ಏಪ್ರಿಲ್

ಮೇಸ್ತ್ರಿಗಳಿಗೆ, ಮತ್ತು ಗೋಂದಿನ ಕೆಲಸದ ಅಕ್ಕನಿಗೆ,

ಇಬ್ಬರೂ ಎರಡು ದಿಕ್ಕಿಗೆ ಎಳೆದಿರಿ. ಒಂದು ವಾರ ಯೋಚಿಸಿದೆ. ಕೊನೆಗೆ ಅಕ್ಕನ ಮಾತು ಕೇಳಿದೆ. ಬೈಯುವುದಿದ್ದರೆ ಮನೆಯಲ್ಲೇ ಬೈದುಕೊಳ್ಳಿ.

ಸೋಮವಾರ ಸಮಿತಿಯ ಮುಂದೆ ಹೋದೆ. ಆಗಿನವರು ಯಾರೂ ಈಗಿಲ್ಲ. ಈಗಿನ ನಿರ್ದೇಶಕರು ನನಗಿಂತ ಚಿಕ್ಕವರು. ಎರಡು ಪುಟ ಬರೆದುಕೊಂಡು ಹೋಗಿದ್ದೆ, ನಿಂತು ಓದಿದೆ. ಮುಚ್ಚಳ ತೆಗೆಸಿದ್ದು ನಾನು, ನಿಯಮ ನೆನಪಿಸಿದ್ದು ನೀವು, ಅದನ್ನು ಮುಚ್ಚಿಟ್ಟಿದ್ದು ನಾನು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡು, "ಇದನ್ನ ಈಗ ಯಾಕೆ ಹೇಳ್ತಿದ್ದೀರಿ? ಯಾರೂ ಕೇಳಿರಲಿಲ್ಲವಲ್ಲ" ಎಂದರು. "ಯಾರೂ ಕೇಳಲಿಲ್ಲ ಅಂತಲೇ ಹನ್ನೆರಡು ವರ್ಷ ಸುಮ್ಮನಿದ್ದೆ ಸರ್" ಎಂದೆ.

ವಿಭಾಗದ ಮುಖ್ಯಸ್ಥೆಯ ಜಾಗದಿಂದ ನನ್ನನ್ನು ಇಳಿಸಿದ್ದಾರೆ. ಇದರಿಂದ ನನಗೆ ಬೇಜಾರಾಗಿದೆ ಎಂದು ದಯವಿಟ್ಟು ತಿಳಿಯಬೇಡಿ. ಮೀಟಿಂಗುಗಳು ತಪ್ಪಿವೆ. ದಿನವಿಡೀ ಕೆಸರಿನ ಜೊತೆ ಇದ್ದೇನೆ, ಚೆನ್ನಾಗಿ ನಿದ್ದೆ ಬರುತ್ತಿದೆ.

ಅನುಮತಿ ಸಿಕ್ಕಿದೆ. ಹನ್ನೆರಡು ಘನ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ತೊಂದರೆ ಏನೆಂದರೆ ಕೆಸರು ಒಣಗಿ ಬಿರುಕು ಬಿಟ್ಟಿದೆ. ತುದಿಗಳಂತೂ ಬಿಸ್ಕತ್ತಿನ ಹಾಗಾಗಿವೆ. ಇಲ್ಲಿರುವವರು ಬೇರೆ ಹಳೆಯ ಪೈಪಿನ ಮೇಲೆ ಕೈ ನೋಡಿಕೊಂಡರು, ಮೂರಕ್ಕೆ ಎರಡು ಪುಡಿಯಾದವು. ನನ್ನ ಕೈಯನ್ನು ನಾನು ನಂಬುವುದಿಲ್ಲ. ಒಣ ಕೆಸರನ್ನು ಬೆಣ್ಣೆಯ ಹಾಗೆ ಕತ್ತರಿಸುತ್ತಿದ್ದ ಕೈ ಒಂದೇ ನನಗೆ ಗೊತ್ತಿರುವುದು.

ಬರುತ್ತೀರಾ?

ಇಂತಿ,
ಅಯಸ್ಕಾಂತದವಳು


೨ ಮೇ

ಮೇಡಂ,

ನಿಮ್ಮ ಅಕ್ಕ ನನ್ನ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾಳೆ. ಒಂದು ವಾರದಿಂದ ಎಡವುತ್ತಾ ಇದ್ದೀನಿ.

ಈ ತಿಂಗಳ ಕೊನೇ ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ಚಾಕು ನಾನೇ ತರ್ತೀನಿ, ನಿಮ್ಮಲ್ಲಿರೋದು ಬೇಡ. ಅದಕ್ಕೆ ಮೊದಲೇ ಎರಡು ದಿನ ತುದಿಗಳಿಗೆ ಒದ್ದೆ ಬಟ್ಟೆ ಹೊದಿಸಿಡಿ. ಬಟ್ಟೆ ಕೆಸರಿಗೆ ತಾಗಬಾರದು, ತೇವ ಮಾತ್ರ ತಾಗಬೇಕು. ಮೇಲೆ ಒಂದು ಕಟ್ಟಿಗೆಯ ಗೂಡು ಮಾಡಿ ಅದರ ಮೇಲೆ ಹಾಸಿ.

ಯಾರೂ ಭಾಷಣ ಮಾಡಬಾರದು. ಕತ್ತರಿಸಿಕೊಟ್ಟು ಹೊರಟುಬಿಡ್ತೀನಿ. ಅಳೆಯೋದು ನೋಡ್ತಾ ಕೂರೋಕೆ ನನ್ನ ಕೈಲಿ ಆಗಲ್ಲ.

ಇಂತಿ,
ಮೇಸ್ತ್ರಿ


೧೬ ಜೂನ್

ಮೇಸ್ತ್ರಿಗಳಿಗೆ,

ಇದನ್ನು ಕೂತು ಓದಿ. ಅಂಗಡಿಯಲ್ಲಿದ್ದರೆ ಕೈಯಲ್ಲಿರುವ ಗಾಜನ್ನು ಕೆಳಗಿಡಿ.

ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಪೈಪನ್ನು ಮಗುಚಿರಲಿಲ್ಲ.

ಈಗ ಮಿಕ್ಕಿದ್ದು. ಆ ಮಂಗಳವಾರ ನಾವಿಬ್ಬರೂ ಸೇರಿ ಹತ್ತು ಮಾತೂ ಆಡಲಿಲ್ಲ. ಅದರಲ್ಲಿ ಮೂರು ನಿಮ್ಮವು, "ಉಸಿರು ಬಿಡಬೇಡಿ ಸ್ವಲ್ಪ." ಬಿಡಲಿಲ್ಲ. ನಿಮ್ಮ ಚಾಕು ಇಳಿಯುವಾಗ ಸದ್ದೇ ಆಗಲಿಲ್ಲ. ಮೇಲ್ತುದಿಯಿಂದ ನಾಲ್ಕು, ಕೆಳತುದಿಯಿಂದ ಐದು, ನಡುವಿನಿಂದ ಮೂರು, ಹನ್ನೆರಡೂ ಇಡಿಯಾಗಿ ಬಂದವು. ಆಮೇಲೆ ಕೈ ತೊಳೆದು, ಕೊಟ್ಟ ಟೀ ಅರ್ಧ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಿರಿ. ನಿಮ್ಮ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ನನಗೆ ಗೊತ್ತಿತ್ತು.

ಅಳೆಯುವುದು ಒಂದೇ ದಿನದ ಕೆಲಸವಲ್ಲ. ಪೈಪು ಕೊರೆಯುವಾಗ, ಕಪಾಟಿನಲ್ಲಿದ್ದಾಗ ಮೇಲೆ ಹತ್ತಿಕೊಂಡ ಕಾಂತವನ್ನೆಲ್ಲ ಹಂತಹಂತವಾಗಿ ಅಳಿಸಿ, ಹುಟ್ಟುವಾಗಿನದನ್ನು ಮಾತ್ರ ಉಳಿಸಿಕೊಳ್ಳಬೇಕು. ಒಂದೊಂದು ಘನಕ್ಕೂ ಹದಿನಾಲ್ಕು ಸಲ. ನಡುವಿನ ಮೂರನ್ನು ಮೊದಲು ಅಳೆದೆ. ಮೂರೂ ತಿರುಗಿದ್ದವು, ಮೊದಲಿನಂತೆಯೇ. ಆಮೇಲೆ ಎರಡು ದಿನ ತುದಿಯವನ್ನು ಮುಟ್ಟಲಿಲ್ಲ. ನಿಮ್ಮ ಹೆದರಿಕೆ ನನಗೂ ಅಂಟಿತ್ತು.

ಮೂರನೇ ದಿನ ಮೇಲ್ತುದಿಯ ಮೊದಲ ಘನ ಇಟ್ಟೆ. ಇಂದಿನ ದಿಕ್ಕು. ಎರಡನೆಯದು, ಇಂದಿನ ದಿಕ್ಕು. ಮೂರು, ಹಾಗೆಯೇ. ನಾಲ್ಕನೆಯದು ಅಡ್ಡಡ್ಡ ನಿಂತಿತ್ತು, ಅತ್ತಲೂ ಅಲ್ಲ ಇತ್ತಲೂ ಅಲ್ಲ, ತಿರುಗುತ್ತಿರುವಾಗಲೇ ಸಿಕ್ಕಿಬಿದ್ದ ಹಾಗೆ. ಮೇಸ್ತ್ರಿಗಳೇ, ಆರು ಲಕ್ಷ ವರ್ಷದ ಹಿಂದೆ ಭೂಮಿ ತನ್ನ ಉತ್ತರವನ್ನು ಹುಡುಕುತ್ತಿದ್ದ ಕಾಲದ ಕೆಸರು ಅದು, ನಿಮ್ಮ ಚಾಕು ಅದನ್ನು ಒಡೆಯದೆ ತೆಗೆದಿದೆ. ಕೆಳತುದಿಯ ಐದರಲ್ಲಿ ನಾಲ್ಕು ಇಂದಿನ ದಿಕ್ಕು, ಐದನೆಯದು ಮತ್ತೆ ಅಡ್ಡ. ಪೈಪನ್ನು ಯಾರೂ ಮಗುಚಿಲ್ಲ. ತಿರುಗಿದ್ದ ಭಾಗ ಒಂದು ಪೈಪಿನೊಳಗೆ ಹಿಡಿಯುವಷ್ಟೇ ಇತ್ತು, ಎರಡು ಕಡೆಯೂ ಒಂದೊಂದು ಗೇಣೂ ಬಿಡದೆ. ಹಿರಿಯರು ಕೇಳಿದ್ದರಲ್ಲ, ಭೂಮಿಗೆ ಪೈಪಿನ ಅಳತೆ ಗೊತ್ತಿತ್ತೇ ಎಂದು. ಗೊತ್ತಿರಲಿಲ್ಲ. ಬರೀ ಕಾಕತಾಳೀಯ. ಅದಕ್ಕೆ ನೀವು ಹನ್ನೆರಡು ವರ್ಷ ತೆತ್ತಿರಿ.

ಆವತ್ತು ಉರುಳಿದ ಮುಚ್ಚಳದ ಹಿಂದೆ ಓಡಿ ಬಂದು, ಕಾಲು ಸೋತು, ಬಾಣ ಅಳಿಸಿ, ಏನೂ ಗೊತ್ತಿಲ್ಲದೆ ಹಾಕಿದಿರಲ್ಲ, ಸರಿಯಾಗಿಯೇ ಹಾಕಿದ್ದಿರಿ.

ಈಗ ಬರೆಯುತ್ತೇನೆ: ಕ್ಷಮಿಸಿ.

ಹೊಸ ಪ್ರಬಂಧ ನಾನು ಮತ್ತು ಗೆಳತಿ ಸೇರಿ ಬರೆಯುತ್ತಿದ್ದೇವೆ. ಬರೆದವರ ಸಾಲಿನಲ್ಲಿ ನಿಮ್ಮ ಹೆಸರೂ ಇರಬೇಕೆಂದು ನನ್ನ ಆಸೆ. ಒಪ್ಪಿಗೆ ಇದ್ದರೆ ಒಂದು ಸಾಲು ಬರೆಯಿರಿ.

ಇಂತಿ,
ಅಯಸ್ಕಾಂತದವಳು


೨೧ ಸೆಪ್ಟೆಂಬರ್

ಮೇಸ್ತ್ರಿಗಳಿಗೆ,

ಜೂನ್‌ನಲ್ಲಿ ನಾನು ಬರೆದ ಮೇಲೆ ನಿಮ್ಮಿಂದ ಕಾಗದವಿಲ್ಲ. ನಡುವೆ ಎರಡು ಬರೆದೆ, ಅವೂ ತಲುಪಿರಬೇಕು. ಒತ್ತಾಯವಿಲ್ಲ. ನಾನು ಕಾಯಿಸಿದ ಕಾಲದ ಮುಂದೆ ಮೂರು ತಿಂಗಳು ಯಾವ ಲೆಕ್ಕ. ಆದರೆ ಹುಷಾರಾಗಿದ್ದೀರೆಂದು ಒಂದು ಸಾಲಾದರೂ ತಿಳಿದರೆ ಸಾಕು.

ಪ್ರಬಂಧ ಹೊರಬರಲು ಇನ್ನೂ ಸಮಯವಿದೆ, ನಿಮ್ಮ ಸಾಲು ಬರಲೆಂದು ಹಿಡಿದಿಟ್ಟಿದ್ದೇನೆ. ತಿದ್ದುಪಡಿ ಮಾತ್ರ ಈ ತಿಂಗಳ ಪತ್ರಿಕೆಯಲ್ಲಿ ಅಚ್ಚಾಗಿದೆ. ಜೊತೆಗಿಟ್ಟಿದ್ದೇನೆ. ಹಳೆಯ ಸುಳ್ಳು ಎಷ್ಟು ದೊಡ್ಡ ಅಕ್ಷರದಲ್ಲಿತ್ತೋ ಇದೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕೆಂದು ಜಗಳವಾಡಿದೆ. ಅರ್ಧ ಸಾಲು ಕಡಿಮೆ ಮಾಡೋಣ ಎಂದರು, ಬಿಡಲಿಲ್ಲ. ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ:

'ಏಳನೇ ಪೈಪನ್ನು ಮಗುಚಲಾಗಿತ್ತೆಂದು ನಾವು ಹಿಂದೆ ಪ್ರಕಟಿಸಿದ್ದು ತಪ್ಪು. ಅದನ್ನು ಕತ್ತರಿಸಿದವರು, ಮುಚ್ಚಿದವರು ಸರಿಯಾಗಿಯೇ ಕೆಲಸ ಮಾಡಿದ್ದರು. ಎರಡೂ ಮುಚ್ಚಳಗಳನ್ನು ಒಟ್ಟಿಗೆ ತೆಗೆಯುವಂತೆ, ಅವರ ಎಚ್ಚರಿಕೆಯನ್ನು ಮೀರಿ, ಹೇಳಿದ್ದು ಈ ಕೆಳಗೆ ಸಹಿ ಮಾಡಿರುವವಳು.'

ಕೆಳಗೆ ನನ್ನ ಸಹಿ ಇದೆ.

ತಂಪುಕೋಣೆಗೆ ಹೊಸಬರು ಇಬ್ಬರು ಸೇರಿದ್ದಾರೆ. ಒಣ ಕೆಸರು ಕತ್ತರಿಸುವುದನ್ನು ನಿಮ್ಮ ವಿಧಾನದಲ್ಲೇ ಕಲಿಸುತ್ತಿದ್ದೇನೆ, ಕಟ್ಟಿಗೆಯ ಗೂಡು, ಒದ್ದೆ ಬಟ್ಟೆ ಎಲ್ಲ. ಈ ಸಲ ಯಾರ ವಿಧಾನ ಎಂದೂ ಹೇಳುತ್ತೇನೆ.

ಇಂತಿ,
ಅಯಸ್ಕಾಂತದವಳು


೮ ಅಕ್ಟೋಬರ್

ಮೇಡಂ,

ಹುಷಾರಾಗಿದ್ದೀನಿ. ನಿಮ್ಮ ಎಲ್ಲಾ ಕಾಗದವೂ ಬಂದಿದೆ. ಬರೀದೆ ಇದ್ದದ್ದಕ್ಕೆ ಕಾರಣ ಏನು ಬರೀಬೇಕು ಅಂತ ತಿಳೀಲಿಲ್ಲ, ಅಷ್ಟೇ. ನಾಲ್ಕು ಸಲ ಕೂತೆ. ಮೊದಲನೇ ಸಲ ಬರೀ ಬೈಗುಳ ಬಂತು, ಹರಿದೆ. ಎರಡನೇ ಸಲ ಬರೀ ಧನ್ಯವಾದ ಬಂತು, ಅದನ್ನ ಓದಿದರೆ ನನಗೇ ಮೈ ಉರೀತು, ಅದನ್ನೂ ಹರಿದೆ. ಹೀಗೇ.

ಜೂನ್‌ನಲ್ಲಿ ನಿಮ್ಮ ಕಾಗದ ಬಂದ ದಿನ ಏನಾಯ್ತು ಅಂತ ಹೇಳ್ತೀನಿ. ಅಂಗಡಿಯಲ್ಲಿ ಗಿರಾಕಿ ಇದ್ದರು, ಮೊಮ್ಮಗಳ ಫೋಟೋಗೆ ಚಿನ್ನದ ಬಣ್ಣ ಹಾಕಿಸಲೋ ಮರದ ಬಣ್ಣ ಸಾಕೋ ಅಂತ ಅರ್ಧ ಗಂಟೆಯಿಂದ ಯೋಚಿಸ್ತಾ ನಿಂತಿದ್ದರು. ನೀವು ಹೇಳಿದ ಹಾಗೆ ಗಾಜು ಕೆಳಗಿಟ್ಟೆ. ಓದಿದೆ. ಎರಡನೇ ಸಾಲಿಗೇ ನಿಂತೆ. ಮಿಕ್ಕಿದ್ದು ಆಮೇಲೆ ಓದಿದ್ದು. "ಮರದ ಬಣ್ಣ" ಅಂದೆ ಅವರಿಗೆ. "ಯಾಕೆ?" ಅಂದರು. "ಸುಮ್ಮನೆ. ನಾನೀಗ ಅಂಗಡಿ ಮುಚ್ಚಬೇಕು" ಅಂದೆ. ನಡುಮಧ್ಯಾಹ್ನ ಅಂಗಡಿ ಮುಚ್ಚಿದ್ದು ಅದೇ ಮೊದಲು. ಪಕ್ಕದ ಟೈಲರು ಓಡಿಬಂದು, "ಯಾರಿಗೇನಾಯ್ತು?" ಅಂದ. "ಯಾರಿಗೂ ಏನೂ ಆಗಿಲ್ಲ" ಅಂದೆ. ಅದನ್ನ ಹೇಳುವಾಗ ನನಗೇ ಅರ್ಥ ಆಯ್ತು ನೋಡಿ, ನಿಜವಾಗ್ಲೂ ಏನೂ ಆಗಿರಲಿಲ್ಲ. ಆವತ್ತು, ಆ ಡೆಕ್ಕಿನ ಮೇಲೆ, ಏನೂ ಆಗಿರಲಿಲ್ಲ.

ಸೀದಾ ಗ್ರಂಥಾಲಯಕ್ಕೆ ನಡೆದೆ. ಇವಳು ಹಿಂದಿನ ಕೋಣೆಯಲ್ಲಿ ದಪ್ಪ ನಿಘಂಟೊಂದರ ಬೆನ್ನು ಹೊಲೀತಾ ಇದ್ದಳು. ಬಾಗಿಲು ತೆರೆದಿತ್ತು, ಆಚೆ ಜನ ಓದ್ತಾ ಕೂತಿದ್ದರು. ಪಿಸುಮಾತಲ್ಲಿ ಹೇಳಿದೆ, "ಮಗುಚಿರಲಿಲ್ಲವಂತೆ."

"ಏನು?"

"ಪೈಪು. ನಾನು ಸರಿಯಾಗೇ ಹಾಕಿದ್ದೆನಂತೆ."

ಸೂಜಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಸಂತೋಷಪಡ್ತಾಳೆ, ಅಳ್ತಾಳೆ ಅಂದುಕೊಂಡಿದ್ದೆ. ಇವಳಿಗೆ ಕೋಪ ಬಂತು. "ಅಷ್ಟಕ್ಕೆ ಅಂಗಡಿ ಮುಚ್ಚಿ ಓಡಿಬಂದ್ರಾ? ಮಗುಚಿದ್ದಿದ್ರೆ ಬರ್ತಾ ಇರಲಿಲ್ವಾ? ತಪ್ಪೇ ಆಗಿದ್ದಿದ್ರೆ ನಾನೇನು ಬಿಟ್ಟು ಹೋಗ್ತಿದ್ನಾ?" ಅಂತ ಗಟ್ಟಿಯಾಗಿ ಕೇಳಿಬಿಟ್ಟಳು. ಆಚೆ ಓದ್ತಾ ಇದ್ದವರೆಲ್ಲ ತಲೆಯೆತ್ತಿದರು. ಇಪ್ಪತ್ತೆರಡು ವರ್ಷದಿಂದ ಆ ಕಟ್ಟಡದಲ್ಲಿ ಇವಳು ದನಿಯೆತ್ತಿದ್ದಿಲ್ಲವಂತೆ. ಗ್ರಂಥಪಾಲಕರು ಎದ್ದು ಬಂದರು. "ಏನಿಲ್ಲ ಸರ್, ಮನೆ ವಿಷಯ" ಅಂದಳು. ಆಮೇಲೆ ಅತ್ತಳು. ನಾನೂ. ಗ್ರಂಥಪಾಲಕರು ಏನು ಮಾಡಬೇಕೋ ತಿಳೀದೆ ಬಾಗಿಲು ಎಳೆದುಕೊಂಡು ಹೋದರು.

ಆ ಮಾತು ನನ್ನ ತಲೆಯಲ್ಲಿ ಇನ್ನೂ ಕೂತಿದೆ, ಮೇಡಂ. ನಾನು ಇಷ್ಟು ವರ್ಷ ಏನು ತಿಳಿದಿದ್ದೆ ಅಂದ್ರೆ, ಸರಿಯಾಗಿ ಹಾಕಿದ್ದರೆ ಮಾತ್ರ ನಾನು ತಲೆಯೆತ್ತಿ ಓಡಾಡಬಹುದು ಅಂತ. ಇವಳ ಲೆಕ್ಕದಲ್ಲಿ ಅದು ಯಾವತ್ತೂ ಇರಲೇ ಇಲ್ಲ. ಅದೇ ಮನೇಲಿ ಇದ್ದು ನನಗೆ ಗೊತ್ತಾಗಿರಲಿಲ್ಲ.

ತಿದ್ದುಪಡಿ ಓದಿದೆ. ಚೆನ್ನಾಗಿ ಬರೆದಿದ್ದೀರಿ. 'ಅವರ ಎಚ್ಚರಿಕೆಯನ್ನು ಮೀರಿ' ಅನ್ನೋದನ್ನ ಇವಳು ಮೂರು ಸಲ ಓದಿಸಿದಳು. ಚೌಕಟ್ಟು ಹಾಕ್ತೀರಾ ಅಂದಳು. ಬೇಡ ಅಂದೆ. ಟೈಲರಿಗೆ ಮಾತ್ರ ತೋರಿಸಿದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಕೈ ಕುಲುಕಿದ.

ಪ್ರಬಂಧದಲ್ಲಿ ಹೆಸರು ಹಾಕಿ. ಒಪ್ಪಿಗೆ ಇದೆ. ಆ ಅಡ್ಡ ನಿಂತ ಘನ ಅಂದಿರಲ್ಲ, ಅದನ್ನ ಕತ್ತರಿಸುವಾಗ ಒಂದು ಕೂದಲೆಳೆಯಷ್ಟು ಬಿರುಕು ಇತ್ತು. ಚಾಕು ಸ್ವಲ್ಪ ಓರೆ ಮಾಡಿಕೊಂಡೆ, ಅದಕ್ಕೇ ಉಳೀತು. ಇದನ್ನ ಎಲ್ಲಾದರೂ ಬರೀಬೇಕಾದರೆ ಬರೆದುಕೊಳ್ಳಿ. ನಿಮ್ಮ ಹೊಸಬರಿಬ್ಬರಿಗೆ ಒದ್ದೆ ಬಟ್ಟೆ ಅಂತ ಬರೀ ಬಾಯಲ್ಲಿ ಹೇಳಿದರೆ ಬರಲ್ಲ. ಒಂದು ವಾರ ನನ್ನ ಅಂಗಡಿಗೆ ಕಳಿಸಿ. ಗಾಜು ಕತ್ತರಿಸೋಕೆ ಕಲಿತವರಿಗೆ ಕೆಸರು ಏನೇನೂ ಅಲ್ಲ.

ನಿಮ್ಮ ಮೇಲಿನ ಕೋಪ ಪೂರ್ತಿ ಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ, ಸುಳ್ಳು ಇನ್ನು ಸಾಕು. ಕಾಲು ಭಾಗ ಉಳಿದಿದೆ. ಅದು ಅಭ್ಯಾಸಬಲ. ಇವಳು ಹೇಳ್ತಾಳೆ, ಅದು ಕಾಗದದಲ್ಲಿ ಹೋಗಲ್ಲ, ಕರೀರಿ ಅಂತ.

ಭಾನುವಾರ ಅಂಗಡಿಗೂ ಗ್ರಂಥಾಲಯಕ್ಕೂ ರಜೆ. ಬನ್ನಿ. ಜಗಳ ಏನಾದರೂ ಉಳಿದಿದ್ದರೆ ಊಟ ಆದ ಮೇಲೆ ಆಡೋಣ.

ಇಂತಿ,
ಮೇಸ್ತ್ರಿ